ಮಾತು ಬಿಟ್ಟವರ ಬುಟ್ಟಿ

2024ರ ನವೆಂಬರ್ 17, ಭಾನುವಾರ, ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ವಾಣಿಶ್ರೀ ತನ್ನ ಮಾವನವರ ಕಂಪ್ಯೂಟರಿನ ರೀಸೈಕಲ್ ಬಿನ್ ಖಾಲಿ ಮಾಡಿದಳು. ಮನೆ ಗುಡಿಸಿ ಕಸ ಹೊರಗೆ ಚೆಲ್ಲಿದಷ್ಟೇ ಸಹಜವಾಗಿ.

ಆ ಕಂಪ್ಯೂಟರ್ ಹದಿನೈದು ದಿನಗಳಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು ಮಾಡುತ್ತಿತ್ತು. ಚನ್ನಗಿರಿ ಬಸ್ ನಿಲ್ದಾಣದ ಪಕ್ಕದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಗೌಸ್‌ಪೀರ್ ಬಂದು ಕಿವಿಗೊಟ್ಟು ಕೇಳಿ, "ಡಿಸ್ಕ್ ಇವತ್ತೋ ನಾಳೆಯೋ ಅನ್ನೋ ಹಂಗೈತೆ ಮೇಡಂ. ಫೋಟೋ ಏನೇನ್ ಅದಾವೋ ಎಲ್ಲಾ ಬೇರೆ ಕಡೆ ಕಾಪಿ ಮಾಡ್ಕಳ್ರಿ" ಎಂದು ಹೇಳಿ ಹೋಗಿದ್ದ. ವಾಣಿಶ್ರೀ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವಳು. ಯಾವ ಕೆಲಸವನ್ನೂ ಕ್ರಮ ಬರೆದುಕೊಳ್ಳದೆ ಶುರು ಮಾಡುವವಳಲ್ಲ. ಹೊಸ ಡಿಸ್ಕ್ ತಂದು, ಹಾಳೆಯ ಮೇಲೆ ಬರೆದಳು: ಮೊದಲು ಬೇಡದ್ದನ್ನು ತೆಗೆಯುವುದು, ಆಮೇಲೆ ಚದುರಿದ್ದನ್ನು ಒಟ್ಟು ಮಾಡುವುದು, ಕೊನೆಗೆ ಕಾಪಿ.

ಚದುರಿದ್ದನ್ನು ಒಟ್ಟು ಮಾಡಲು ಕುಳಿತಾಗ ಅವಳಿಗೆ ತಲೆ ತಿರುಗಿತು. ಒಟ್ಟು ನೂರಾ ಹದಿನೆಂಟು ಫೋಲ್ಡರ್. ಒಂದಕ್ಕೂ ಊರಿನ ಹೆಸರಿಲ್ಲ, ವರ್ಷವಿಲ್ಲ. ಎಲ್ಲವೂ ಜನರ ಹೆಸರು. ನ್ಯಾಮತಿಯ ಗೃಹಪ್ರವೇಶದ ಒಂದೇ ಫೋಟೋ ಇಪ್ಪತ್ತೇಳು ಫೋಲ್ಡರುಗಳಲ್ಲಿ ಇತ್ತು.

"ಇದ್ಯಾಕೆ ಮಾವ, ಒಂದೇ ಫೋಟೋ ಇಷ್ಟು ಕಡೆ?"

ಎಪ್ಪತ್ತೊಂದರ ಜಯದೇವಪ್ಪ ಸ್ನಾನ ಮುಗಿಸಿ, ವಿಭೂತಿ ಹಚ್ಚಿ, ಹೊಸ ಪಂಚೆ ಉಟ್ಟು ಬಂದಿದ್ದರು. "ಫೋಟೋದಾಗೆ ಇಪ್ಪತ್ತೇಳು ಜನ ಅದಾರಲ್ಲವ್ವ. ತಲೆಗೊಂದು ಕಾಪಿ. ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ರೆ ಹೆಂಗೆ? ಊಟಕ್ಕೆ ಕೂತ ಪಂಕ್ತಿಯಾಗೆ ಒಬ್ಬರ ಎಲೆಗೆ ಹೋಳಿಗೆ ಹಾಕದಂಗೆ ಆಗ್ತೈತೆ." ಆಮೇಲೆ ಕುರ್ಚಿಯ ಕಡೆ ಕೈ ತೋರಿಸಿದರು. "ಈಗ ಸ್ವಲ್ಪ ಏಳು. ಶಂಕ್ರಿ ಬರೋ ಹೊತ್ತಿಗೆ ಆಕೀನ ಈಚೆ ತೆಗೀಬೇಕು."

ಶಂಕ್ರಿ ಎಂದರೆ ಹೊನ್ನಾಳಿಗೆ ಕೊಟ್ಟಿರುವ ಅವರ ತಂಗಿ ಶಂಕರಮ್ಮ. ಮೂರು ವರ್ಷದ ಹಿಂದೆ ಆ ನ್ಯಾಮತಿಯ ಗೃಹಪ್ರವೇಶದ ಆಲ್ಬಂನ ಇನ್ನೊಂದು ಫೋಟೋದಲ್ಲಿ ಆಕೆಯ ಅರ್ಧ ಮುಖ ಅಂಚಿಗೆ ಕತ್ತರಿಸಿಹೋಗಿತ್ತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದವರು ಜಯದೇವಪ್ಪ. ಅಂದಿನಿಂದ ಅಣ್ಣತಂಗಿಗೆ ಮಾತಿಲ್ಲ. ಈಗ ನ್ಯಾಮತಿಯ ತಮ್ಮ ಮರುಳಸಿದ್ದಪ್ಪ ನಡುವೆ ಬಿದ್ದು ರಾಜಿ ಮಾಡಿಸಿದ್ದ. ಶಂಕರಮ್ಮ ಹೇಳಿ ಕಳಿಸಿದ ಮಾತು ಒಂದೇ: "ಅಣ್ಣ ನನ್ನ ಫೋಟೋ ಇಟ್ಟಿದಾನೋ ಒಗೆದಿದಾನೋ ಕಣ್ಣಾರೆ ನೋಡ್ತೀನಿ. ಒಗೆದಿದ್ರೆ ಬಂದ ಬಸ್ಸಿಗೇ ವಾಪಸ್. ಮತ್ತೆ ಆ ಹೊಸ್ತಿಲು ತುಳಿಯಾದಿಲ್ಲ."

"ಎಲ್ಲಿಂದ ಈಚೆ ತೆಗೀಬೇಕು ಮಾವ?"

"ಬುಟ್ಟಿಯಿಂದ."

ಏಳಲು ಹೊರಟ ವಾಣಿಶ್ರೀ ಮತ್ತೆ ಕುಳಿತಳು. "ಯಾವ ಬುಟ್ಟಿ?"

ಜಯದೇವಪ್ಪ ಪರದೆಯ ಮೂಲೆಗೆ ಬೆರಳಿಟ್ಟರು. ಯಾರೊಡನೆ ಮಾತು ಬಿಟ್ಟರೂ ಅವರ ಫೋಲ್ಡರನ್ನು ಅಲ್ಲಿಗೆ ಹಾಕುವುದು, ರಾಜಿಯಾದ ದಿನ ವಾಪಸ್ ತರುವುದು ಅವರ ಪದ್ಧತಿ. ಮರುಳಸಿದ್ದಪ್ಪ ನಾಲ್ಕು ಸಲ ಹೋಗಿ ನಾಲ್ಕು ಸಲ ಬಂದಿದ್ದ. ಜಗಳೂರಿನ ಬೀಗರು ಓಬಣ್ಣ ಹೋದ ದೀಪಾವಳಿಯಿಂದ ಅಲ್ಲೇ ಇದ್ದರು.

"ಮಾವ, ಅದು ಕಸದ ಬುಟ್ಟಿ. ನಾನು ಈಗತಾನೆ ಖಾಲಿ ಮಾಡಿದೆ."

"ಕಸದ ಬುಟ್ಟಿ ಅಲ್ಲವ್ವ ಅದು," ಜಯದೇವಪ್ಪ ಮೆಲ್ಲಗೆ ಮಂಚದ ಮೇಲೆ ಕುಳಿತರು. "ಮಾತು ಬಿಟ್ಟೋರ ಮನೆ. ಓಬಣ್ಣನೂ ಹೋದ್ನಾ?"

"ಎಲ್ರೂ ಹೋದ್ರು ಮಾವ."

ಗೌಸ್‌ಪೀರ್‌ಗೆ ಫೋನ್ ಮಾಡಿದಳು. "ವಾಪಸ್ ತೆಗೀಬೋದು ಮೇಡಂ, ಎರಡು ದಿನ ಬೇಕು. ಆದ್ರೆ ಹೆಸರೆಲ್ಲಾ ಹೋಗಿ ಬರೀ ನಂಬರ್ ಬರ್ತಾವೆ. ಅದ್ರಾಗೆ ಅತ್ತೆ ಯಾರು, ಬೀಗರು ಯಾರು ನೀವೇ ಹುಡುಕ್ಬೇಕು."

ಎರಡು ದಿನ ಎಲ್ಲಿತ್ತು? ಶಂಕರಮ್ಮನ ಬಸ್ ನಾಲ್ಕಕ್ಕೆ. ವಾಣಿಶ್ರೀ ಕಣ್ಣು ಮುಚ್ಚಿ ಕುಳಿತು ಯೋಚಿಸಿದಳು. ಒಂದು ಫೋಟೋ ಎಷ್ಟು ಜನರದ್ದೋ ಅಷ್ಟು ಕಡೆ ಇದೆ ಎಂದಾದರೆ, ಶಂಕರಮ್ಮನ ಫೋಲ್ಡರ್ ಹೋದರೂ ಶಂಕರಮ್ಮ ಪೂರ್ತಿ ಹೋಗಿಲ್ಲ. ಆಕೆಯ ಪಕ್ಕ ಯಾರು ಯಾರು ನಿಂತಿದ್ದರೋ ಅವರವರ ಫೋಲ್ಡರಿನಲ್ಲಿ ಆಕೆಯೂ ನಿಂತಿರಬೇಕು.

ಅಲ್ಲಿಂದ ಶುರುವಾಯಿತು ಬೇಟೆ. ಜಯದೇವಪ್ಪ ಪಕ್ಕದಲ್ಲಿ ಸ್ಟೂಲ್ ಹಾಕಿ ಕುಳಿತು ಹೇಳುತ್ತಾ ಹೋದರು. "ಮರುಳಸಿದ್ದನ ನಾಮಕರಣ ನೋಡು, ಅಲ್ಲಿ ಆಕಿ ತೊಟ್ಲು ಹಿಡ್ದಾಳೆ. ಅಯ್ಯೋ, ಮರುಳಸಿದ್ದಂದಲ್ಲ, ಅವ್ನ ಮಗಂದು. ಸೊಕ್ಕೆ ಊರಿನ ನೆಂಟ್ರ ಫೋಲ್ಡರ್ ತೆಗಿ. ಹಾಂ, ಆ ಬೆನ್ನು ಶಂಕ್ರೀದೇ."

"ಬೆನ್ನೂ ಲೆಕ್ಕಕ್ಕಾ ಮಾವ?"

"ಹಾಕವ್ವ. ಇವತ್ತು ಬೆನ್ನೂ ಬೇಕು."

ಊಟವೂ ಕೀಬೋರ್ಡಿನ ಪಕ್ಕದಲ್ಲೇ ಆಯಿತು. ಮಧ್ಯಾಹ್ನ ಮೂರೂವರೆಗೆ 'ಶಂಕರಮ್ಮ ಹೊನ್ನಾಳಿ' ಎಂಬ ಹೊಸ ಫೋಲ್ಡರಿನಲ್ಲಿ ಮುನ್ನೂರ ಎಂಬತ್ತಾರು ಫೋಟೋ ಕೂಡಿದ್ದವು. ಮಾವ ಸೊಸೆ ಇಬ್ಬರೂ ಉಸಿರು ಬಿಟ್ಟರು.

ಶಂಕರಮ್ಮ ಬಂದವರು ಕಾಲು ತೊಳೆದರು, ನೀರು ಮುಟ್ಟಲಿಲ್ಲ. ಕೈಚೀಲ ತೊಡೆಯ ಮೇಲಿಟ್ಟುಕೊಂಡೇ ಕಂಪ್ಯೂಟರಿನ ಮುಂದೆ ಕುಳಿತರು. "ತೋರ್ಸವ್ವ."

ಒಂದೊಂದೇ ಫೋಟೋ ಸರಿದಂತೆ ಗಂಟು ಬಿದ್ದ ಹುಬ್ಬು ಸಡಿಲವಾಗುತ್ತಾ ಬಂತು. ತಮ್ಮದೇ ಬೆನ್ನು ಬಂದಾಗ, "ಈ ದಪ್ಪ ಹೆಂಗಸು ಯಾರು?" ಎಂದರು. ವಾಣಿಶ್ರೀ ಬೇಗನೆ ಮುಂದಿನ ಫೋಟೋ ತೆಗೆದಳು. ಎಲ್ಲ ಮುಗಿದ ಮೇಲೆ ಕೇಳಿದರು: "ನಾನು ಸ್ಕೂಟಿ ಕಲ್ತಿದ್ದು ಎಲ್ಲಿ?"

ಐವತ್ತೆಂಟನೇ ವಯಸ್ಸಿನಲ್ಲಿ ಸ್ಕೂಟಿ ಕಲಿತು, ಇದೇ ಮನೆಯ ಮುಂದೆ ಒಬ್ಬರೇ ಓಡಿಸಿದ ದಿನದ ಫೋಟೋ. ಒಬ್ಬರೇ. ಪಕ್ಕದಲ್ಲಿ ಯಾರೂ ಇಲ್ಲ. ಆದ್ದರಿಂದ ಬೇರೆ ಯಾರ ಫೋಲ್ಡರಿನಲ್ಲೂ ಇರಲಾರದು.

ಜಯದೇವಪ್ಪ ಕೆಮ್ಮಿದರು. "ಅದು... ಕರೆಂಟ್ ಹೋದಾಗ..."

"ನಾನು ಅಳಿಸಿಬಿಟ್ಟೆ ಅತ್ತೆ," ವಾಣಿಶ್ರೀ ತಡೆಯಲಾರದೆ ಹೇಳಿದಳು. "ಗೊತ್ತಿಲ್ದೆ ರೀಸೈಕಲ್ ಬಿನ್ ಖಾಲಿ ಮಾಡ್ದೆ. ತಪ್ಪು ನಂದು."

ಶಂಕರಮ್ಮ ನಿಧಾನವಾಗಿ ಅಣ್ಣನ ಕಡೆ ತಿರುಗಿದರು. "ಅಂದ್ರೆ ನೀನು ನನ್ನ ಕಸದ ಬುಟ್ಟಿಗೆ ಹಾಕಿದ್ದೆ."

"ಹಾಕಿದ್ದೆ. ಆದ್ರೆ ಮೂರು ವರ್ಷ ಖಾಲಿ ಮಾಡಿದ್ನಾ? ಜಾಗ ಇಲ್ಲ, ಜಾಗ ಇಲ್ಲ ಅಂತ ಈ ಪೆಟ್ಟಿಗೆ ದಿನಾ ಬಾಯಿ ಬಡ್ಕಂತು. ಮಾಡ್ಲಿಲ್ಲ ಕಣೇ!"

ಶಂಕರಮ್ಮ ಕೈಚೀಲ ಎತ್ತಿಕೊಂಡು ಎದ್ದೇಬಿಟ್ಟರು. ಬಾಗಿಲವರೆಗೆ ಹೋದರು. ಜಯದೇವಪ್ಪ ಹಣೆ ಒತ್ತಿಕೊಂಡು ಇದ್ದಕ್ಕಿದ್ದಂತೆ ಕೂಗಿದರು: "ಎಮ್ಮೆ!"

"ಏನಂದೆ?" ಶಂಕರಮ್ಮ ಬಾಗಿಲಲ್ಲಿ ನಿಂತರು.

"ನಿನಗಲ್ಲವ್ವ! ಸ್ಕೂಟಿ ಹಿಂದೆ ಎದುರು ಮನೆ ಗಿಡ್ಡಮ್ಮನ ಎಮ್ಮೆ ನಿಂತಿತ್ತು. ಅವರ ಎಮ್ಮೆ ಬಂದ್ಮೇಲೆ ಅವರಿಗೊಂದು ಕಾಪಿ ಹಾಕದೆ ಇರ್ತೀನಾ? ವಾಣಿ, ಗಿಡ್ಡಮ್ಮನ ಫೋಲ್ಡರ್ ತೆಗಿ!"

ತೆಗೆದಳು. ಇತ್ತು. ಮುಂದೆ ಹಲ್ಲು ಕಚ್ಚಿ ಹ್ಯಾಂಡಲ್ ಹಿಡಿದ ಶಂಕರಮ್ಮ. ಹಿಂದೆ, ದಾರಿ ಬಿಡುವುದೋ ಬೇಡವೋ ಎಂದು ಯೋಚಿಸುತ್ತಿರುವ ಎಮ್ಮೆ. ಶಂಕರಮ್ಮ ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿ, ಕೈಚೀಲ ಕೆಳಗಿಟ್ಟರು.

"ನಾನೂ ನಿನ್ನ ಫೋಟೋನ ಗೋಡೆ ಕಡೆ ಮುಖ ಮಾಡಿ ತಿರುಗಿಸಿದ್ದೆ ಅಣ್ಣಾ," ಎಂದರು. "ಮೊಳೆ ಮಾತ್ರ ಕಿತ್ತಿರ್ಲಿಲ್ಲ. ವಾಣಿ, ಚಾ ಇಡವ್ವ."

ಚಹಾ ಕುಡಿಯುತ್ತಾ ಅವರ ಕಣ್ಣು ಪರದೆಯ ಅಂಕಿಗಳ ಮೇಲೆ ಬಿತ್ತು. "ಅದೇನದು ನಂಬರ್?"

"ಫೋಲ್ಡರ್ ಎಷ್ಟು ದೊಡ್ಡದು ಅಂತ ಅತ್ತೆ. ನಿಮ್ಮದು ಒಂದು ಪಾಯಿಂಟ್ ಒಂಬತ್ತು ಜಿಬಿ."

"ಮರುಳಸಿದ್ದಂದು?"

ವಾಣಿಶ್ರೀ ಸುಳ್ಳು ಹೇಳಲು ಕಲಿತವಳಲ್ಲ. "ಎರಡು ಪಾಯಿಂಟ್ ಒಂದು."

ಲೋಟ ಟಕ್ಕನೆ ಕೆಳಗೆ ಬಂತು. "ನನಗಿಂತ ಎಂಟು ವರ್ಷ ಸಣ್ಣೋನು!"

ಜಯದೇವಪ್ಪ ಸೊಸೆಯ ಮುಖ ನೋಡಿದರು. ಸೊಸೆ ಮೊಬೈಲ್ ತೆಗೆದಳು. ಶಂಕರಮ್ಮ ಬಾಗಿಲಲ್ಲಿ ನಿಂತರು, ಹಿತ್ತಲಲ್ಲಿ ನಿಂತರು, ಅಣ್ಣನ ಕನ್ನಡಕ ಹಾಕಿಕೊಂಡು ನಿಂತರು, ಹೊನ್ನಾಳಿಗೆ ವಾಪಸ್ ಹೋಗುವ ಬಸ್ ಹೋದ ಮೇಲೂ ನಿಂತರು. ಒಟ್ಟು ಅರವತ್ತೆರಡು ಫೋಟೋ. ಅರ್ಧ ಮುಖ ಕತ್ತರಿಸಿದ್ದು ಒಂದೂ ಇಲ್ಲವೆಂದು ವಾಣಿಶ್ರೀ ಎರಡೆರಡು ಸಲ ಪರಿಶೀಲಿಸಿ, ಎಲ್ಲವನ್ನೂ ಸೇರಿಸಿ, ಹೊಸ ಡಿಸ್ಕಿಗೆ ಮೊಟ್ಟಮೊದಲು ಅದೇ ಫೋಲ್ಡರನ್ನು ಕಾಪಿಗೆ ಹಾಕಿದಳು. ಶಂಕರಮ್ಮ ಕುರ್ಚಿ ಬಿಟ್ಟೇಳದೆ ಅಂಕಿ ಬರುವವರೆಗೂ ಕಾದರು.

2.2 ಜಿಬಿ.