ಹದಿಮೂರು ವರ್ಷದ ಸಾರ್ಜೆಂಟ್

ಟ್ಯಾನರ್ ಕೌಂಟಿಯ ಕೋರ್ಟಿನಲ್ಲಿ ಆಡಿದ ಮಾತನ್ನೆಲ್ಲ ಬರೆದುಕೊಳ್ಳುವ ಕೆಲಸ ವರ್ನಾ ಹಾಲ್ವರ್ಸನ್‌ಳದು. ಇಪ್ಪತ್ತೊಂಬತ್ತು ವರ್ಷದಿಂದ ಜಡ್ಜ್ ಪೀಠದ ಕೆಳಗೆ, ಮೊಣಕಾಲುಗಳ ನಡುವೆ ಪುಟ್ಟ ಶೀಘ್ರಲಿಪಿ ಯಂತ್ರ ಇಟ್ಟುಕೊಂಡು ಕೂತು, ಯಾರು ಏನೆಂದರೋ ಅದನ್ನು ಅಂದ ಹಾಗೆಯೇ ಬೆರಳಿಗಿಳಿಸುತ್ತಿದ್ದಳು. ಅಷ್ಟು ವರ್ಷ ಜನರ ಮಾತನ್ನು ಅಕ್ಷರ ಬಿಡದೆ ಕೇಳಿದವರಿಗೆ ಜನರ ಮೇಲೆ ಗೌರವ ಉಳಿಯುವುದು ಕಷ್ಟ. ವರ್ನಾಳಿಗೆ ಉಳಿದಿರಲಿಲ್ಲ. ಅವಳ ಕಣ್ಣಿಗೆ ವಕೀಲರು ಬಾಡಿಗೆ ಬಾಯಿಗಳು, ಪೊಲೀಸರು ಬಾಯಿಪಾಠ ಒಪ್ಪಿಸುವ ಶತದಡ್ಡರು. ಕಟಕಟೆಯಲ್ಲಿ ನಿಂತವರು ಬಹುಪಾಲು ಅಲ್ಲಿ ನಿಲ್ಲಬೇಕಾದವರೇ.

ಅಕ್ಟೋಬರಿನ ಒಂದು ಸೋಮವಾರ ವೇಡ್ ಲಾಸಿಟರ್ ಎಂಬವನ ಸರದಿ ಬಂತು. ಹೆಂಡತಿಯ ಮೊದಲ ಮದುವೆಯ ಮಗಳನ್ನು, ಹನ್ನೊಂದು ವರ್ಷದ ಕೂಸನ್ನು, ಅವನು ಎರಡು ವರ್ಷ ಕಾಡಿದ್ದ. ಹೇಗೆಂದು ಬಿಡಿಸಿ ಹೇಳಬೇಕಿಲ್ಲ. ಹುಡುಗಿ ಶಾಲೆಯ ನರ್ಸಿನ ಬಳಿ ಬಾಯಿಬಿಟ್ಟಿದ್ದಳು, ನರ್ಸ್ ಶೆರಿಫ್ ಕಚೇರಿಗೆ ಬರೆದು ಕಳಿಸಿದ್ದಳು, ಆ ಕಾಗದ ಅಲ್ಲಿ ಹದಿನಾಲ್ಕು ತಿಂಗಳು ಯಾರ ಕೈಯೂ ಸೋಕದೆ ಬಿದ್ದಿತ್ತು. ಸಿಬ್ಬಂದಿ ಸಾಲದು ಎಂದು ಕಾರಣ ಕೊಟ್ಟರು. ಅಷ್ಟರಲ್ಲಿ ಹುಡುಗಿ, ಎಲ್ಲರೆದುರು ಹೇಳಲಾರೆ ಎಂದು ಹಿಂದೆ ಸರಿದಳು. ಹಾಗಾಗಿ ಸರ್ಕಾರದ ವಕೀಲರಿಗೂ ಅವನಿಗೂ ಒಪ್ಪಂದವಾಯಿತು. ಲಾಸಿಟರ್ ತಪ್ಪೊಪ್ಪಿಕೊಂಡ. ಎಂಟು ತಿಂಗಳ ಜೈಲು, ಆಮೇಲೆ ಚಿಕಿತ್ಸೆ, ಇಂಥ ಅಪರಾಧಿಗಳ ಹೆಸರು, ವಿಳಾಸ ಊರಿಗೆಲ್ಲ ಕಾಣುವಂತೆ ಇಡುವ ಸರ್ಕಾರಿ ಪಟ್ಟಿಯಲ್ಲಿ ಹೆಸರು. ಎಲ್ಲ ಸೇರಿ ಇಪ್ಪತ್ತೆರಡು ನಿಮಿಷ. ಹೆಂಡತಿ ಮುಂದಿನ ಸಾಲಿನಲ್ಲಿ ಅವನ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವನು ಜಡ್ಜಿಗೆ ಥ್ಯಾಂಕ್ಸ್ ಹೇಳಿದ. ವರ್ನಾ ಅದನ್ನೂ ಬರೆದುಕೊಂಡಳು.

ಮರುದಿನ ಎಲ್ಡನ್ ಪ್ರೂಯಿಟ್‌ನ ವಿಚಾರಣೆ. ಇಪ್ಪತ್ಮೂರು ವರ್ಷದವನು, ಟೈರ್ ಅಂಗಡಿಯಲ್ಲಿ ಕೆಲಸ, ಯಾರಿಂದಲೋ ಕಡ ತಂದ ಟೈ. ವಯಸ್ಕರಿಗೆಂದೇ ಇರುವ ಒಂದು ಡೇಟಿಂಗ್ ಆಪ್‌ನಲ್ಲಿ ಹತ್ತೊಂಬತ್ತು ವರ್ಷದ 'ಕೈಲೀ' ಎಂಬವಳ ಜೊತೆ ಮಾತು ಶುರುಮಾಡಿದ್ದ. ಒಂದು ಇಡೀ ದಿನ ಹರಟೆಯಾದ ಮೇಲೆ ಅವಳು, ನಿಜಕ್ಕೂ ನನಗೆ ಹದಿಮೂರು, ಎಂದು ಬರೆದಿದ್ದಳು. ಆ ಕೈಲೀ ಬೇರೆ ಯಾರೂ ಅಲ್ಲ, ಶೆರಿಫ್ ಕಚೇರಿಯ ಸಾರ್ಜೆಂಟ್ ಬ್ರೆಂಟ್ ಟಾಲಿವರ್. ವಯಸ್ಸು ಐವತ್ತೆರಡು, ಹೊಟ್ಟೆ ಬೆಲ್ಟಿನ ಮೇಲೆ ಮಲಗಿತ್ತು, ಮೀಸೆಗೆ ಎಣ್ಣೆ. ಆ ಬೇಸಿಗೆಯಲ್ಲಿ ಅವನು ಹೀಗೆ ಹದಿನಾಲ್ಕು ಜನರನ್ನು ಹಿಡಿದಿದ್ದ. ಹುಡುಗಿ ಇರಲೇಬೇಕೆಂದು ಕಾನೂನಿನಲ್ಲಿಲ್ಲ. ಇದ್ದಾಳೆಂದು ನಂಬಿ ಹೊರಟರೆ ಸಾಕು. ಶಿಕ್ಷೆಗೆ ಮಾತ್ರ ರಿಯಾಯಿತಿ ಇಲ್ಲ: ಕನಿಷ್ಠ ಒಂಬತ್ತು ವರ್ಷ. ಇಲ್ಲದ ಹುಡುಗಿಗೆ ಒಂಬತ್ತು ವರ್ಷ, ಇದ್ದ ಹುಡುಗಿಗೆ ಎಂಟು ತಿಂಗಳು. ವರ್ನಾಳ ಯಂತ್ರದಲ್ಲಿ ಎರಡೂ ಒಂದೇ ವಾರದ ಕಡತಕ್ಕೆ ಸೇರಿದವು.

ಸಂದೇಶಗಳನ್ನು ಜ್ಯೂರಿಗೆ, ತೀರ್ಪು ಹೇಳಬೇಕಾದ ಹನ್ನೆರಡು ಜನ ಊರವರಿಗೆ, ಓದಿ ಕೇಳಿಸಬೇಕಿತ್ತು. ಸರ್ಕಾರದ ವಕೀಲೆ ಮೆಲಿಂಡಾ ಸ್ಟ್ರೌಡ್ ಎಲ್ಡನ್‌ನ ಸಾಲುಗಳನ್ನು ಓದಿದಳು, ಬಾಯಲ್ಲಿ ಕೊಳೆತದ್ದೇನೋ ಸಿಕ್ಕವಳ ಹಾಗೆ. ಕೈಲೀಯ ಸಾಲುಗಳನ್ನು ಟಾಲಿವರ್ ಓದಿದ. ಬರೀ ಓದಿದ್ದರೆ ಹೋಗಲಿ, ಅವನು ದನಿ ತೆಗೆದ. ತೆಳ್ಳಗಿನ, ಮುದ್ದುಗರೆಯುವ, ತೊದಲು ಬೆರೆತ ಹುಡುಗಿ ದನಿ. ಪೊದೆ ಮೀಸೆಯ ಅಡಿಯಿಂದ ಅದು ಹೊರಬರುವುದನ್ನು ನೋಡುತ್ತ ವರ್ನಾ, ಈ ಮನುಷ್ಯ ಇದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಿರಬೇಕು ಅಂದುಕೊಂಡಳು. ಬೆರಳು ನಿಲ್ಲಲಿಲ್ಲ.

ಸ್ಟ್ರೌಡ್ ಸಮಯ ಉಳಿಸಲೆಂದು ನಡುವಿನ ಕೆಲವು ಸಾಲುಗಳನ್ನು ಹಾರಿಸಿದ್ದಳು. ಎಲ್ಡನ್‌ಗೆ ಸರ್ಕಾರವೇ ಕೊಟ್ಟಿದ್ದ ವಕೀಲ ಐರಾ ಕ್ಯಾಂಟ್ರೆಲ್ ನಿದ್ದೆಗೆಟ್ಟ ಮುಖದ ಮುದುಕ, ಒಂದೇ ವಾರದಲ್ಲಿ ನಾಲ್ಕು ಕೇಸು ಹೊತ್ತವನು. ಆದರೂ ಹಾರಿದ ಸಾಲುಗಳನ್ನು ಅವನು ಗುರುತು ಹಾಕಿಟ್ಟುಕೊಂಡಿದ್ದ. ಅವನ್ನು ಸಾರ್ಜೆಂಟನ ಬಾಯಿಂದಲೇ ಓದಿಸಿದ. ಈ ಸಲ ದನಿ ಬರಲಿಲ್ಲ. ಟಾಲಿವರ್ ಗೊಣಗುಟ್ಟಿ, ಪದ ನುಂಗಿ, ಓಡಿಸಿಬಿಟ್ಟ. ಹದಿಮೂರು ಎಂದು ಗೊತ್ತಾದ ಕೂಡಲೇ ಎಲ್ಡನ್, ಹಾಗಾದರೆ ಬೇಡ, ಸಾರಿ, ಇಲ್ಲಿಂದ ಹೋಗು, ಎಂದು ಬರೆದಿದ್ದ. ಎರಡು ದಿನ ಸುಮ್ಮನಿದ್ದ. ಆ ಎರಡು ದಿನದಲ್ಲಿ ಕೈಲೀ ಆರು ಸಲ ಬರೆದಿದ್ದಳು: ಅಳುತ್ತಿದ್ದೇನೆ, ನೀನೊಬ್ಬನೇ ಒಳ್ಳೆಯವನು, ನೀನೂ ಬಿಟ್ಟು ಹೋದೆಯಾ. ಏಳನೆಯದಕ್ಕೆ ಎಲ್ಡನ್ ಉತ್ತರಿಸಿದ. ಹತ್ತನೆಯದಕ್ಕೆ ಅವಳು ಕರೆದ ಜಾಗಕ್ಕೆ ಕಾರಿನಲ್ಲಿ ಬಂದು ಸಿಕ್ಕಿಬಿದ್ದ.

ಬೇಡ ಎಂದವನಿಗೆ ಮತ್ತೆ ಮತ್ತೆ ಬರೆದದ್ದೇಕೆ ಎಂದು ಕ್ಯಾಂಟ್ರೆಲ್ ಕೇಳಿದಾಗ ಟಾಲಿವರ್ ಜ್ಯೂರಿಯ ಕಡೆ ನಕ್ಕು, "ಗಾಳ ಬಿಟ್ಟ ಮೀನಿಗೆ ಇನ್ನೊಂದ್ಸಲ ಎರೆ ಹಾಕ್ದಿದ್ರೆ ಮನೆಗೆ ಬರಿಗೈಲಿ ಹೋಗ್ಬೇಕಾಗ್ತದೆ" ಅಂದ.

ಇಬ್ಬರು ಜ್ಯೂರಿಗಳು ನಕ್ಕರು. ಉಳಿದವರು ನಗಲಿಲ್ಲ.

ಎಲ್ಡನ್ ತಾನೇ ಸಾಕ್ಷಿ ನುಡಿದ. ಯಾಕೆ ಹೋದೆ ಎಂದದ್ದಕ್ಕೆ, ನನಗೆ ಯಾರೂ ಅಷ್ಟೊಂದು ಸಲ ಬರೆದಿರಲಿಲ್ಲ, ಅಂದ. ಅವಳನ್ನು ಸಮಾಧಾನಪಡಿಸಿ ಮನೆಗೆ ಕಳಿಸಬೇಕೆಂದಿದ್ದೆ, ಎಂದೂ ಸೇರಿಸಿದ. ವರ್ನಾ ಅದನ್ನು ನಂಬಲಿಲ್ಲ. ಅವನೇ ಅದನ್ನು ಪೂರ್ತಿ ನಂಬಿದಂತಿರಲಿಲ್ಲ. ಹದಿಮೂರೆಂದು ಗೊತ್ತಿದ್ದೂ ಕಾರು ಹತ್ತಿದವನ ಮೇಲೆ ಅವಳಿಗೆ ಕರುಣೆ ಹುಟ್ಟಲಿಲ್ಲ. ಹೇಸಿಗೆಯೇ ಆಯಿತು. ಆದರೆ ಆ ಹೇಸಿಗೆಗೆ ಎರಡು ದಿನ ನೀರೆರೆದು ಬೆಳೆಸಿದವನು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಕೂತು ಮಿಂಟ್ ಚೀಪುತ್ತಿದ್ದ.

ಬುಧವಾರ ಮಧ್ಯಾಹ್ನ ಜ್ಯೂರಿ ಒಳಕೋಣೆಯಿಂದ ಚೀಟಿ ಕಳಿಸಿತು. ಸಾರ್ಜೆಂಟನ ಪಾಟೀಸವಾಲನ್ನು ಮತ್ತೊಮ್ಮೆ ಓದಿ ಕೇಳಿಸಬೇಕಂತೆ. ಹಾಗೆ ಕೇಳಿದರೆ ಓದುವುದು ವರ್ನಾಳ ಕೆಲಸ. ಹತ್ತು ನಿಮಿಷ ಬಿಡುವು ಕೊಟ್ಟರು. ಕಾಫಿ ಯಂತ್ರದ ಬಳಿ ಟಾಲಿವರ್ ಅವಳ ಪಕ್ಕ ಬಂದು ನಿಂತ.

"ವರ್ನಾ, ಆ ಮೀನಿನ ಮಾತೊಂದು ಬಿಟ್ಬಿಡಿ. ಅದು ಸುಮ್ನೆ ತಮಾಷೆಗೆ ಅಂದಿದ್ದು. ಎಲ್ರೂ ನಕ್ರಲ್ಲ."

"ನಾನು ನಗು ಬರೆಯಲ್ಲ ಸಾರ್ಜೆಂಟ್. ಮಾತು ಬರೀತೀನಿ."

"ನೀವು ಯಾರ ಕಡೆ?"

"ನೀವು ಆಡಿದ ಮಾತಿನ ಕಡೆ. ನಿಮ್ಗೇ ಅದು ಬೇಡ ಅಂದ್ರೆ ನಾನೇನ್ ಮಾಡ್ಲಿ."

ಅವನು ಮುಖ ಗಂಟುಹಾಕಿಕೊಂಡು ಹೋದ. ವರ್ನಾ ಕಾಫಿ ಮುಗಿಸಿ ಒಳಗೆ ಹೋಗಿ ಓದಿದಳು. ಓದುವಾಗ ದನಿ ಏರಿಸಬಾರದು, ಇಳಿಸಬಾರದು, ಒತ್ತು ಕೊಡಬಾರದು, ಅದು ನಿಯಮ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ನಿಯಮವನ್ನು ಅವಳು ಹಿಂದೆಂದೂ ಅಷ್ಟು ನಿಷ್ಠೆಯಿಂದ ಪಾಲಿಸಿದ್ದಿಲ್ಲ. ತಾರೀಖು, ಗಂಟೆ, ಮಾತು. ತಾರೀಖು, ಗಂಟೆ, ಮಾತು. ಮುದ್ದೂ ಇಲ್ಲ, ಅಸಹ್ಯವೂ ಇಲ್ಲ. ದನಿ ಕಳಚಿದ ಮೇಲೆ ಉಳಿದದ್ದು ಇಷ್ಟೇ: ಒಬ್ಬ ಬೇಡ ಅನ್ನುತ್ತಾನೆ, ಇನ್ನೊಬ್ಬ ಬಾ ಅನ್ನುತ್ತಾನೆ, ಆರು ಸಲ. ಮೀನಿನ ಮಾತು ಬಂದಾಗ ಅದನ್ನೂ ದಿನಸಿ ಪಟ್ಟಿ ಓದಿದ ಹಾಗೆ ಓದಿದಳು. ಈ ಸಲ ಒಬ್ಬರೂ ನಗಲಿಲ್ಲ. ಹಿಂದಿನ ದಿನ ನಕ್ಕಿದ್ದ ಹೆಂಗಸು ತನ್ನ ಕೈ ನೋಡಿಕೊಳ್ಳುತ್ತಿದ್ದಳು.

ಜ್ಯೂರಿ ಇನ್ನೂ ಒಂದೂವರೆ ದಿನ ಕಿತ್ತಾಡಿತು. ಏಳು ಜನ ಒಂದು ಕಡೆ, ಐದು ಜನ ಇನ್ನೊಂದು ಕಡೆ, ಯಾರೂ ಜಗ್ಗಲಿಲ್ಲ. ಹನ್ನೆರಡೂ ಜನ ಒಂದೇ ಮಾತು ಹೇಳದೆ ತೀರ್ಪಿಲ್ಲ, ವಿಚಾರಣೆ ರದ್ದಾಯಿತು. ಕತೆ ಇಲ್ಲಿಗೆ ನಿಂತಿದ್ದರೆ ಕಾನೂನಿಗೂ ಒಂದು ಮರ್ಯಾದೆ ಇದೆ ಎಂದು ಒಪ್ಪಬಹುದಿತ್ತು. ಸ್ಟ್ರೌಡ್ ಮೂರನೆಯ ವಾರಕ್ಕೆ ಕ್ಯಾಂಟ್ರೆಲ್‌ನ ಕೈಗೊಂದು ಹಾಳೆ ಕೊಟ್ಟಳು. ಮತ್ತೆ ವಿಚಾರಣೆಗೆ ನಿಂತು ಒಂಬತ್ತು ವರ್ಷದ ಜೂಜಾಡುವುದೋ, ಸಣ್ಣ ಆರೋಪವೊಂದನ್ನು ಒಪ್ಪಿಕೊಂಡು ಒಂದು ವರ್ಷ ಜೈಲು, ಹತ್ತು ವರ್ಷ ಪಟ್ಟಿಯಲ್ಲಿ ಹೆಸರು ಎಂದು ಮುಗಿಸುವುದೋ. ಹುಡುಗ ಹೆದರಿದ್ದ. ಒಪ್ಪಿಕೊಂಡ.

ಆ ದಿನ ಜಡ್ಜ್ ಕನ್ನಡಕದ ಮೇಲಿಂದ ನೋಡುತ್ತ, ನಿನ್ನ ಮೇಲೆ ಯಾರಾದರೂ ಒತ್ತಡ ಹಾಕಿದರೇ, ಹೆದರಿಸಿದರೇ, ಆಸೆ ತೋರಿಸಿದರೇ ಎಂದು ಕೇಳಿದರು.

"ಇಲ್ಲ ಸರ್" ಅಂದ ಎಲ್ಡನ್.

ಆ ಕೋಣೆಯಲ್ಲಿ ಅತಿ ಹೆಚ್ಚು ಸಲ ಆಡುವ ಸುಳ್ಳು ಅದು. ಎಷ್ಟು ಹೆಚ್ಚೆಂದರೆ ಇಡೀ ಪ್ರಶ್ನೋತ್ತರಕ್ಕೆ ವರ್ನಾ ತನ್ನ ಯಂತ್ರದಲ್ಲಿ ಒಂದೇ ಏಟಿನ ಸಂಕೇತ ಮಾಡಿಟ್ಟುಕೊಂಡಿದ್ದಳು. ಏಟು ಹಾಕಿದಳು. ಮುಗಿಯಿತು.

ವರ್ಷದ ಜೈಲು ಮುಗಿಸಿ ಎಲ್ಡನ್ ಹೊರಬಂದಾಗ ಟೈರ್ ಅಂಗಡಿಯವನು ಬಾಗಿಲಲ್ಲೇ ಕೈಮುಗಿದು ಕಳಿಸಿದ. ಪಟ್ಟಿಯಲ್ಲಿರುವವರು ಶಾಲೆ, ಪಾರ್ಕುಗಳ ಹತ್ತಿರ ವಾಸಿಸಬಾರದೆಂದು ಊರಿನ ಕಟ್ಟಳೆ. ಅಂಗೈಯಗಲದ ಊರು, ಎಲ್ಲಿ ನಿಂತರೂ ಯಾವುದೋ ಉಯ್ಯಾಲೆ ಕಣ್ಣಿಗೆ ಬೀಳುತ್ತದೆ. ಗೋಧಿ ಕಣಜಗಳ ಆಚೆ, ರೈಲು ಹಳಿಯ ಪಕ್ಕ, ಒಂದು ತುಕ್ಕು ಹಿಡಿದ ಟ್ರೈಲರ್, ಗಾಲಿಯ ಮೇಲಿನ ತಗಡಿನ ಮನೆ, ಅವನಿಗೆ ಸಿಕ್ಕಿತು. ಲಾಸಿಟರ್‌ಗೆ ಆ ಕಟ್ಟಳೆ ತಟ್ಟಲೇ ಇಲ್ಲ. ಅವನ ಮನೆ ಊರಾಚೆ, ಸುತ್ತ ಇನ್ನೂರು ಎಕರೆ ಅವನದೇ ಹೊಲ. ಹೆಂಡತಿ ಅವನಿಗೆ ಪಾಟ್ ರೋಸ್ಟ್ ಎಂಬ ಮಾಂಸದ ಅಡುಗೆ ಮಾಡಿ ಬರಮಾಡಿಕೊಂಡಳಂತೆ. ಹುಡುಗಿಯನ್ನು ಸ್ಪೋಕೇನ್ ಪಟ್ಟಣದ ಚಿಕ್ಕಮ್ಮನ ಮನೆಗೆ ಸಾಗಹಾಕಿದ್ದರು. ಪಟ್ಟಿಯವರ ಮನೆ ತೋರಿಸುವ ಕೌಂಟಿಯ ನಕ್ಷೆಯಲ್ಲಿ ಇಬ್ಬರದೂ ಕೆಂಪು ಚುಕ್ಕೆ, ಒಂದೇ ಗಾತ್ರ. ಕಾನೂನಿಗೆ ಅವೆರಡರ ನಡುವೆ ವ್ಯತ್ಯಾಸ ಕಂಡಿರಲಿಲ್ಲ. ಕಂಡಿದ್ದರೂ ತಲೆಕೆಳಗಾಗಿ.

ಅಷ್ಟು ವರ್ಷ ಆ ಕಟ್ಟಡದಲ್ಲಿ ಒಂದು ಪ್ರಶ್ನೆಯನ್ನೂ ಕೇಳಿರದ ವರ್ನಾ ಆ ಚಳಿಗಾಲದಲ್ಲಿ ಒಂದನ್ನು ಕೇಳಿದಳು. ಸಾರ್ವಜನಿಕ ದಾಖಲೆಯ ಅರ್ಜಿ ತುಂಬಿ, ಶಾಲೆಗಳಿಂದ ಬಂದ ಇಂಥ ದೂರುಗಳಲ್ಲಿ ಎಷ್ಟು ಇನ್ನೂ ತೆರೆಯದೆ ಬಿದ್ದಿವೆ ಎಂದು ಬರೆದು ಕೊಟ್ಟಳು. ಕೋರ್ಟಿನ ಬಾಗಿಲು ಕಾಯುವ ಗಸ್ ಅದನ್ನು ಕೇಳಿ, "ನಿವೃತ್ತಿಗೆ ಒಂದು ವರ್ಷ ಇದೆ ತಾಯಿ, ಸುಮ್ನೆ ಇರೋ ಹುತ್ತಕ್ಕೆ ಯಾಕೆ ಕೈ ಹಾಕ್ತೀಯ?" ಅಂದ. ಆರು ವಾರದ ಮೇಲೆ ಉತ್ತರ ಬಂತು: ನಲವತ್ತೊಂದು. ಊರಿನ ಪತ್ರಿಕೆ ಅದನ್ನು ಆರನೆಯ ಪುಟದಲ್ಲಿ, ಚರ್ಚಿನ ಊಟದ ಪ್ರಕಟಣೆಯ ಕೆಳಗೆ, ನಾಲ್ಕು ಸಾಲಿನಲ್ಲಿ ಹಾಕಿತು. ನಲವತ್ತೊಂದು ಮಕ್ಕಳಿಗೆ ನಾಲ್ಕು ಸಾಲು. ಆಮೇಲೆ ಶೆರಿಫ್ ಒಬ್ಬ ಹೆಣ್ಣು ಡೆಪ್ಯುಟಿಯನ್ನು ಮಾತ್ರ ಆ ಕೆಲಸಕ್ಕೆ ಹಾಕಿದ. ಬೇಸಿಗೆಯ ಹೊತ್ತಿಗೆ ಅವಳು ಒಂಬತ್ತು ದೂರು ತೆರೆದಿದ್ದಳು. ಅದರಲ್ಲಿ ಮೂರು ಕೇಸಾದವು. ಟಾಲಿವರ್ ಅದೇ ಬೇಸಿಗೆಯಲ್ಲಿ ಲೆಫ್ಟಿನೆಂಟ್ ಆದ.

ವರ್ನಾ ನಿವೃತ್ತಳಾದ ದಿನ ಜ್ಯೂರಿ ಕೋಣೆಯಲ್ಲಿ ಕೇಕ್ ಕತ್ತರಿಸಿದರು. ಟಾಲಿವರ್ ಲೆಫ್ಟಿನೆಂಟ್ ಪಟ್ಟಿಗಳ ಹೊಸ ಅಂಗಿ ತೊಟ್ಟು ಬಂದ. ನಿಮ್ಮ ಬೆರಳಿಲ್ಲದೆ ಈ ಕೋರ್ಟ್ ನಡೆಯೋದು ಹೇಗೆ ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದ. ಅವಳು ಅವನ ತಟ್ಟೆಗೆ ಕ್ರೀಮು ಹೆಚ್ಚಿದ್ದ ಮೂಲೆಯ ತುಂಡು ಹಾಕಿದಳು. ಅವನು ಅದನ್ನು ತಿಂದು, ಮೀಸೆ ಒರೆಸಿಕೊಂಡು, ಇನ್ನೊಂದಕ್ಕೆ ತಟ್ಟೆ ಚಾಚಿದ.