ಗಣಿಯ ಇಳಿಜಾರಿನಲ್ಲಿ ಬ್ರೇಕ್ ಪರೀಕ್ಷೆ

ದತ್ತಾರಾಮನ ಟಿಪ್ಪರ್ ಲಾರಿಯನ್ನು ಗೋವಾದ ಸಾವರ್ಡೆಯ ಗ್ಯಾರೇಜಿಗೆ ಎಳೆದು ತಂದಾಗ ಮೆಕ್ಯಾನಿಕ್ ಭೀಮಶಿ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟ. ಅವನ ತಮ್ಮ ಖೇಮಪ್ಪ ಇದೇ ಮಾಲೀಕನ ಇನ್ನೊಂದು ಲಾರಿ ಓಡಿಸುತ್ತಿದ್ದ. ಬ್ರೇಕ್ ಹಿಡಿಯುತ್ತಿಲ್ಲ ಎಂದು ಮೂರು ಸಲ ಹೇಳಿ ಬೈಸಿಕೊಂಡು, ಕಡೆಗೆ ಗಣಿಯ ಇಳಿಜಾರಿನಲ್ಲಿ ಲಾರಿ ಉರುಳಿ ಸತ್ತಿದ್ದ. ಡ್ರೈವರ್ ಕುಡಿದಿದ್ದ ಎಂದು ದತ್ತಾರಾಮ ಪೊಲೀಸರಿಗೆ ಸುಳ್ಳು ಹೇಳಿದ್ದ.

ಈಗ ಈ ಲಾರಿಯ ಹಿಂದಿನ ಆಕ್ಸಲ್ ಶಾಫ್ಟ್ ತುಂಡಾಗಿತ್ತು. ಎಣ್ಣೆ ತಡೆಯುವ ಸೀಲ್ ಸೋರಿ, ಡ್ರಮ್ಮಿನೊಳಗಿನ ಬ್ರೇಕ್ ಲೈನರುಗಳು ಎಣ್ಣೆಯಲ್ಲಿ ನೆನೆದು ಹಿಡಿತ ಕಳೆದುಕೊಂಡಿದ್ದವು. ಹಾಗೆಯೇ ಮುಚ್ಚಿಬಿಡಲು ಭೀಮಶಿಯ ಕೈ ತುರಿಸಿತು. ಆದರೆ ಸಾಯುವವನು ಮತ್ತೊಬ್ಬ ಡ್ರೈವರ್. ಭೀಮಶಿ ಶಾಫ್ಟ್, ಸೀಲು, ಲೈನರು ಎಲ್ಲವನ್ನೂ ಹೊಸದು ಹಾಕಿ ಬ್ರೇಕ್ ಸರಿಪಡಿಸಿದ.

"ಟ್ರಾಯಲ್ ನೋಡೂಣು ಬರ್ರಿ ಸಾವ್ಕಾರ್ರ," ಎಂದು ದತ್ತಾರಾಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಇಳಿಜಾರಿಗೆ ಹೋದ. ಲಾರಿ ವೇಗ ಹಿಡಿಯಿತು. ಭೀಮಶಿ ಬ್ರೇಕಿನ ಮೇಲೆ ಕಾಲಿಡಲಿಲ್ಲ.

"ಬ್ರೇಕ್ ಮಾರ್ ರೇ! ಬ್ರೇಕ್!" ದತ್ತಾರಾಮ ಕಿರುಚಿದ.

"ಖೇಮಪ್ಪ ಮೂರು ಸಲ ಹೇಳಿದ್ನಲ್ರಿ. ಆವಾಗ ನೀವೇನಂದ್ರಿ?"

ತಿರುವು ಹತ್ತಿರ ಬಂತು. ದತ್ತಾರಾಮ ಕೈ ಮುಗಿದು ಅತ್ತುಬಿಟ್ಟ. "ಅವ ಕುಡಿದಿರಲಿಲ್ಲ. ತಪ್ಪು ನಂದೇ ರೇ, ನಂದೇ!"

ಭೀಮಶಿ ಪೆಡಲ್ ಒತ್ತಿದ. ಟಿಪ್ಪರ್ ತಿರುವಿನ ಅಂಚಿನಲ್ಲಿ ಗಕ್ಕನೆ ನಿಂತಿತು. ದತ್ತಾರಾಮ ಕೆಳಗಿಳಿದು ವಾಂತಿ ಮಾಡಿಕೊಳ್ಳುವುದನ್ನು ಅವನು ಸೀಟಿನಲ್ಲೇ ಕುಳಿತು ಕೊನೆಯವರೆಗೂ ನೋಡಿದ. ಮರುಕವೇನೂ ಹುಟ್ಟಲಿಲ್ಲ. ಆಮೇಲೆ ಅವನನ್ನು ಕೆಂಪು ಧೂಳಿನಲ್ಲಿ ಬಿಟ್ಟು ಲಾರಿ ತಿರುಗಿಸಿದ.