ಎರೆಹೊಲಕ್ಕೆ ಹೊಂದುವ ಗಾಲಿ

ಎರೆಮಣ್ಣು ಯಾರಪ್ಪನ ಮಾತನ್ನೂ ಕೇಳುವುದಿಲ್ಲ. ಒಣಗಿದರೆ ಕಲ್ಲು, ನೆನೆದರೆ ಅಂಟು. ಭಂಡಾರಕವಠೆಯಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಆದರೂ ಹೋದ ವರ್ಷ ಕಾಂತೇಶ ಮನೆಯ ಹಳೇ ಜೀಪಿಗೆ ಎಮ್ಮೆಯ ಬೆನ್ನಿನಷ್ಟು ಅಗಲದ ಟೈರು, ಫಳಫಳ ಹೊಳೆಯುವ ಗಾಲಿ ಹಾಕಿಸಿಕೊಂಡು ಬಂದಿದ್ದ. ಏನು ರುಬಾಬು ಅಂತೀರಿ! ಅಕ್ಕಲಕೋಟೆಯ ಡಾಂಬರು ರಸ್ತೆಯಲ್ಲಿ ಮಂದಿ ತಿರುತಿರುಗಿ ನೋಡಿದರು. ಎಳ್ಳು ಅಮಾವಾಸ್ಯೆಯ ದಿನ, ನಮ್ಮ ಎಳ್ಳಮಾಸಿಯಂದು, ಅದೇ ಜೀಪು ಹಳ್ಳದ ಹಾದಿಯ ಕೆಸರಿನಲ್ಲಿ ಹೊಟ್ಟೆ ಊರಿ ಕೂತುಬಿಟ್ಟಿತು.

ಒಳಗಿದ್ದವಳು ಅವನ ತಾಯಿ ಅಕ್ಕನಾಗಮ್ಮ. ಎಳ್ಳಮಾಸಿಗೆ ಹೊಲಕ್ಕೆ ಅಡಿಗೆ ಒಯ್ದು, ಪೂಜೆ ಮಾಡಿ, ನಿಂತ ಜೋಳದ ಮೇಲೆ ಚರಗ, ಅಂದರೆ ಭೂಮಿತಾಯಿಗೆ ಎಡೆಯ ತುತ್ತು, ಚೆಲ್ಲಿಯೇ ಉಣ್ಣಬೇಕು. ಯಜಮಾನ ತೀರಿಕೊಂಡ ಮೇಲೆ ಆ ಮನೆಯಲ್ಲಿ ಚರಗದ ಬುಟ್ಟಿ ಹಿಡಿದವಳು ಅವಳೇ. ಸೊಂಟದ ಎಲುಬು ಮುರಿದು ಒಳಗೆ ಸಲಾಕೆ ಹಾಕಿಸಿಕೊಂಡ ಮೇಲೆ ದೂರ ನಡೆಯುವಂತಿಲ್ಲ, ಟ್ರ್ಯಾಕ್ಟರಿನ ಟ್ರಾಲಿ ಹತ್ತುವಂತಿಲ್ಲ. ಜೀಪಿನ ಸೀಟೊಂದೇ ಗತಿ. ಆ ದಿನ ಚರಗ ಬೇರೆಯವರು ಚೆಲ್ಲಿ ಬಂದರು. ಅವಳು ಕೆಸರಲ್ಲಿ ಸಿಕ್ಕ ಜೀಪಿನಲ್ಲೇ, ಆರಿದ ಕಡಬಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಸಾಕವಾ, ಇನ್ನ ಮುಂದ ನಾ ಬರೂದಿಲ್ಲ. ಹೊಲದ ಋಣ ಇಷ್ಟ ಇತ್ತು ನಂದು," ಎಂದಿದ್ದಳು ಸೊಸೆ ಪ್ರಣಿತಾಳಿಗೆ.

ಆ ಮಾತು ಪ್ರಣಿತಾಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಉಳಿಯಿತು. ಈ ಸಲ ಅತ್ತೆಯನ್ನು ಹೊಲ ಮುಟ್ಟಿಸದಿದ್ದರೆ ತಾನು ಸೊಲ್ಲಾಪುರದ ಅರಿವೆ ಅಂಗಡಿಯವರ ಮಗಳೇ ಅಲ್ಲ ಎಂದು ಗಟ್ಟಿ ಮಾಡಿಕೊಂಡಳು. ಜೀಪು ಓಡಿಸುವುದರಲ್ಲಿ ಗಂಡ ಗುರುಸಿದ್ಧನಿಗಿಂತ ಅವಳ ಕೈಯೇ ಮೇಲು. ಅದನ್ನು ಗುರುಸಿದ್ಧನೇ ನಗುತ್ತ ಒಪ್ಪಿಕೊಳ್ಳುತ್ತಿದ್ದ.

ಎಳ್ಳಮಾಸಿ ಹತ್ತಿರ ಬಂದಾಗ ಒಂದು ಮುಂಜಾನೆ ಕಸ ಹೊಡೆಯುತ್ತಿದ್ದವಳ ಕಣ್ಣು ಅಂಗಳದ ಮೂಲೆಯ ಹಳೇ ಬಂಡಿಯ ಮೇಲೆ ನಿಂತಿತು. ಗಾಲಿ ಎದೆಯ ಎತ್ತರ, ಅಗಲ ಮಾತ್ರ ನಾಲ್ಕೇ ಬೆರಳು. ಹಿರಿಯರೇನು ಹುಚ್ಚರೇ? ಪೊರಕೆ ಅಲ್ಲೇ ಬಿಸಾಡಿ ಅವಳು ಜೀಪಿನ ಅಳತೆ ತೆಗೆಯಲು ಓಡಿದಳು.

ಮರುದಿನ ಸೊಲ್ಲಾಪುರದ ಟೈರಂಗಡಿಯಲ್ಲಿ ಅವಳು ಎತ್ತರದ, ಸಪೂರ ಟೈರು ಮುಟ್ಟಿ ತೋರಿಸಿದಾಗ ಜೊತೆಗೆ ಬಂದಿದ್ದ ಮೈದುನ ಕಾಂತೇಶ ಹಣೆ ಹಣೆ ಬಡಿದುಕೊಂಡ.

"ವೈನಿ, ಇದೇನ್ರಿ ಸೈಕಲ್ ಗಾಲಿ ಆರಿಸಾಕತ್ತೀರಿ? ಇನ್ನೂ ಅಗಲ ಹಾಕೂಣು. ರಾಡಿ ಮ್ಯಾಲ ತೇಲ್ಕೋತ ಹೋಗ್ತದ."

"ಹೋದ ವರ್ಷ ಎಲ್ಲಿ ತೇಲಿತ್ತು ಭಾವುಜಿ? ಮೈತುಂಬ ರಾಡಿ ಸುತ್ಕೊಂಡು ಕುಂತಿತ್ತು. ಅರಿವಿ ಪನ್ನಾ ಅಗಲ ಇದ್ದ ಮಾತ್ರಕ್ಕ ಅಂಗಿ ಮೈಗೆ ಹೊಂದ್ತದೇನು? ಬಂಡಿ ಗಾಲಿ ನೋಡ್ರಿ. ಮ್ಯಾಲಿನ ರಾಡಿ ಸೀಳಿ ಕೆಳಗಿನ ಗಟ್ಟಿ ನೆಲಾ ಹಿಡೀತದ."

"ಹಳ್ಳಾ ದಾಟಿಸ್ರಿ ಮೊದಲ. ದಾಟಿದ್ರ ಅಂಬಲಿ ಗಡಿಗಿ ನಾನು ತಲಿ ಮ್ಯಾಲ ಹೊರ್ತೀನಿ, ಊರ ಮಂದಿ ಮುಂದ!"

"ಸಿಂಬಿ ನಾ ಸುತ್ತಿ ಕೊಡ್ತೀನಿ," ಎಂದಳು ಪ್ರಣಿತಾ.

ಹೊಳೆಯುವ ಗಾಲಿಗಳು ಇಳಿದವು. ಜೀಪಿನ ಹುಟ್ಟುಗಾಲಿಗಳೇ, ಆ ಸಪೂರ ಕಬ್ಬಿಣದವು, ಮತ್ತೆ ಬಂದವು. ಅವುಗಳ ಮೇಲೆ ರಬ್ಬರಿನ ದಪ್ಪ ಗುಬಟುಗಳ, ನಡುವೆ ಬೆರಳು ತೂರುವಷ್ಟು ಸಂದಿಯಿರುವ ಎತ್ತರದ ಟೈರು. ಸಂದಿ ಇದ್ದರೆ ಕೆಸರು ಕೂರದೆ ಸಿಡಿದು ಹೋಗುತ್ತದೆ. ಜೀಪು ಕೋಳಿಹುಂಜದಂತೆ ಎದ್ದು ನಿಂತಿತು. ಪ್ರಣಿತಾ ಹಿಗ್ಗಿ ಹೀರೆಕಾಯಿಯಾಗಿ ಸ್ಟೇರಿಂಗ್ ತಿರುಗಿಸಿದಳು. ಗರ್ರ್! ಟೈರು ಮಡ್‌ಗಾರ್ಡಿಗೆ ಉಜ್ಜಿತು. ಕಾಂತೇಶ ಚಪ್ಪಾಳೆ ತಟ್ಟಿ ನಕ್ಕ.

ಅವಳ ಮುಖ ಕೆಂಪಾಯಿತು. "ಅಯ್ಯ ನನ್ನ ಶಾಣ್ಯಾತನಕ್ಕ! ನಿಂತ ಮೈಗೆ ಅಂಗಿ ಅಳತಿ ತಗೊಂಡೆ, ಕೈ ಎತ್ತಿಸಿ ನೋಡಲೇ ಇಲ್ಲ."

ಸಿಟ್ಟು ತನ್ನ ಮೇಲೆಯೇ ಬಂದಿತ್ತು, ಹಾಗಾಗಿ ಕೆಲಸಕ್ಕೆ ಬಂತು. ಗ್ಯಾರೇಜಿನಲ್ಲಿ ನಿಂತು ಕೆಳಗಿನ ಸ್ಪ್ರಿಂಗಿನ ಪಾಟಾ ಬಿಗಿ ಮಾಡಿಸಿ ಜೀಪಿನ ಮೈ ಎತ್ತಿಸಿದಳು, ಮಡ್‌ಗಾರ್ಡಿನ ಅಂಚು ಕತ್ತರಿಸಿ ಮಡಿಸಿದಳು. ಆಮೇಲೆ ಒಂದು ಗಾಲಿಯನ್ನು ಕಲ್ಲುಗುಂಪಿಯ ಮೇಲೆ ಹತ್ತಿಸಿ, ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಸಂದಿಯಲ್ಲಿ ತನ್ನ ಅಂಗೈ ತೂರಿಸಿ ನೋಡಿದಳು. ಎಲ್ಲೂ ತಾಗಲಿಲ್ಲ. ಕಾಂತೇಶ ಈಗ ನಗಲಿಲ್ಲ.

ಎಳ್ಳಮಾಸಿಯ ಹಿಂದಿನ ದಿನ ಕಾಲವಲ್ಲದ ಕಾಲದಲ್ಲಿ ಅವಕಾಳಿ ಮಳೆ ಹೊಡೆಯಿತು. ಬೇಕಂತಲೇ ಬಂದಂತಿತ್ತು, ಹಾಳಾದ್ದು! ಹಳ್ಳದ ಹಾದಿ ಕರಿ ಬೆಲ್ಲದ ಪಾಕವಾಯಿತು. ಊರವರು ಬುತ್ತಿ ಹೊತ್ತು, ಚಪ್ಪಲಿ ಕೈಯಲ್ಲಿ ಹಿಡಿದು ನಡೆದಿದ್ದರು. ಜೀಪು ಬಂದದ್ದೇ ಎಲ್ಲರೂ ದಡದಲ್ಲಿ ನಿಂತುಬಿಟ್ಟರು.

"ಬ್ಯಾಡವಾ, ಮತ್ತ ಮಂದಿ ಮುಂದ ನಗಿಪಾಟಲಾಗೂದು," ಅಕ್ಕನಾಗಮ್ಮ ಸೊಸೆಯ ಕೈ ಹಿಡಿದಳು.

"ಸಿಕ್ಕೊಂಡ್ರ ನಾನು ಬೆನ್ನ ಮ್ಯಾಲ ಹೊತ್ತು ಒಯ್ತೀನಿ ಅತ್ತಿ. ಗಟ್ಟಿ ಹಿಡ್ಕೋರಿ."

ಟೈರುಗಳ ಗಾಳಿ ತುಸು ಇಳಿಸಿ, ನಾಲ್ಕೂ ಗಾಲಿಗೆ ಎಳೆತ ಕೊಟ್ಟು, ಸಣ್ಣ ಗೇರಿನಲ್ಲಿ ಪ್ರಣಿತಾ ಜೀಪನ್ನು ಇಳಿಸಿದಳು. ಹೋದ ವರ್ಷ ಸಿಕ್ಕಿದ ಜಾಗದಲ್ಲೇ ಹಿಂಭಾಗ ಜಾರಿತು. ಗಾಲಿಗಳು ಬರಿದೇ ತಿರುಗಿ ಕೆಳಗಿಳಿದವು. ಅತ್ತೆ ಕಣ್ಣು ಮುಚ್ಚಿಕೊಂಡಳು. ಪ್ರಣಿತಾಳ ಕಾಲು ಮಾತ್ರ ದುಡುಕಲಿಲ್ಲ. ಮೆಲ್ಲಗೆ ಆಕ್ಸಿಲರೇಟರ್ ಬಿಟ್ಟು ಮೆಲ್ಲಗೆ ಒತ್ತಿದಳು. ಟೈರು ರಾಡಿ ಸೀಳುತ್ತ ಇಳಿಯಿತು, ಇನ್ನೂ ಇಳಿಯಿತು, ಕೆಳಗಿನ ಗಟ್ಟಿ ನೆಲಕ್ಕೆ ಕಚ್ಚಿತು. ಕಚ್ಚಿದ್ದೇ ತಡ, ಜೀಪು ಒಂದೇ ಉಸಿರಿಗೆ ಆಚೆ ದಡ ಏರಿತು. ಗುಬಟುಗಳಿಂದ ಸಿಡಿದ ಕೆಸರೆಲ್ಲ ದಡದಲ್ಲಿದ್ದ ಕಾಂತೇಶನ ಇಸ್ತ್ರಿ ಅಂಗಿಯ ಮೇಲೆ!

"ಅರೆ ವಾ ರೇ ವಾ!" ಎಂದು ಮಂದಿ ಸಿಳ್ಳೆ ಹೊಡೆದರು.

ಹೊಲದಲ್ಲಿ ಪೂಜೆ ಮುಗಿಯಿತು. ಅಕ್ಕನಾಗಮ್ಮ ಚರಗದ ಬುಟ್ಟಿಯನ್ನು ಗುರುಸಿದ್ಧನ ಕಡೆ ಚಾಚಿದಳು. "ನೀನ ಚೆಲ್ಲಪಾ. ಹೊಲಾ ಸುತ್ತೂ ಕಾಲು ನನಗೆಲ್ಲಿ ಅದಾವ?"

"ಅದಾವಲ್ಲ ಅತ್ತಿ, ನಾಕು!" ಪ್ರಣಿತಾ ಅವಳನ್ನು ಮತ್ತೆ ಸೀಟಿನಲ್ಲಿ ಕೂರಿಸಿ ಜೀಪು ಚಾಲೂ ಮಾಡಿದಳು.

ಬದುವಿನ ಗುಂಟ ಜೀಪು ನಿಧಾನವಾಗಿ ಹೊರಟಿತು. ಅಕ್ಕನಾಗಮ್ಮ ಹೊರಗೆ ಬಾಗಿ, ಬುಟ್ಟಿಯಿಂದ ಹಿಡಿ ಹಿಡಿ ತೆಗೆದು ಜೋಳದ ಮೇಲೆ ಚೆಲ್ಲುತ್ತ "ಹುಲ್ಲುಲ್ಲಿಗ್ಯೋ!" ಎಂದು ಚರಗದ ಕೂಗು ಹಾಕಿದಳು. ಹೋದ ಎಳ್ಳಮಾಸಿಯಿಂದ ಪಿಸುಗುಟ್ಟುತ್ತಿದ್ದ ಆ ದನಿ ಪಕ್ಕದ ಹೊಲದವರೆಗೂ ಮುಟ್ಟಿತು. ಜೀಪಿನ ಹಿಂದೆ ಕಾಂತೇಶ, ಸಿಂಬಿಯ ಮೇಲೆ ಅಂಬಲಿ ಗಡಿಗೆ, ಅಂಗಿಯ ತುಂಬ ರಾಡಿ, "ಸಲಾಂಬ್ರಿಗ್ಯೋ!" ಎಂದು ಗಂಟಲು ಹರಿಯುವಂತೆ ದನಿಗೂಡಿಸುತ್ತ ನಡೆದಿದ್ದ. ಪ್ರಣಿತಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದು ಹಾದಿ ಮಂಜಾಯಿತು.

ಉಣ್ಣಲು ಕೂತಾಗ ಕಡಬು ಇನ್ನೂ ಬೆಚ್ಚಗಿತ್ತು. ಅಕ್ಕನಾಗಮ್ಮ ಮುರಿದು, ತುಪ್ಪದಲ್ಲಿ ಅದ್ದಿ, ಮೊದಲ ತುತ್ತನ್ನು ಸೊಸೆಯ ಬಾಯಿಗೆ ಇಟ್ಟಳು.

"ಬರೂ ವರ್ಷ ಇನ್ನೂ ಲಗೂನ ಮನಿ ಬಿಡೂಣವಾ," ಎಂದಳು.